ಕೊನೆಯವರು ಬರುವ ತನಕ ಕಾಫಿ ಇಲ್ಲ

ಮಾನ್ಯ ಸಂಪಾದಕರೇ,

ಮೂರು ವಾರದ ಹಿಂದಿನ ಭಾನುವಾರ. ಬೆಳಿಗ್ಗೆ ಏಳರ ಹೊತ್ತು. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬರುವ ಸರ್ವಿಸ್ ರಸ್ತೆಯಲ್ಲಿ, ಕಳಸ್ತವಾಡಿ ಹತ್ತಿರ, ಗಾರೆ ಕೆಲಸದವರೊಬ್ಬರು ಸೈಕಲ್ಲಿನ ಚೈನ್ ತುಂಡಾಗಿ ನಿಂತಿದ್ದರು. ಅವರ ಪಕ್ಕದಲ್ಲೇ ಹದಿಮೂರು ಸೈಕಲ್ಲುಗಳು ನಿಲ್ಲದೆ ಹಾದುಹೋದವು. ಆ ಹದಿಮೂರೂ ಭಾನುವಾರ ಬೆಳಿಗ್ಗೆ ಜೊತೆಯಾಗಿ ಸೈಕಲ್ ತುಳಿಯುವ ನಮ್ಮ ಗುಂಪಿನವೇ. ಅವತ್ತಿನಿಂದ ಅದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಜಾಗ ಕೊಡಿ.

ನಾನು ನಿವೃತ್ತ ಪೋಸ್ಟ್‌ಮ್ಯಾನ್. 1983ರಲ್ಲಿ ಕೆಲಸಕ್ಕೆ ಸೇರಿ 2020ರಲ್ಲಿ ನಿವೃತ್ತನಾದೆ. ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ, ಕೊನೆಗೆ ಯಾದವಗಿರಿ. ಮೂವತ್ತೇಳು ವರ್ಷ ಈ ಬೀದಿಗಳನ್ನು ಸೈಕಲ್ ಮೇಲೆಯೇ ಸುತ್ತಿದವನು. ಸೈಕಲ್ ಕಲಿತದ್ದು ನನ್ನ ಓರಗೆಯವರೆಲ್ಲ ಕಲಿತ ಹಾಗೆ, ಬಾಡಿಗೆ ಸೈಕಲ್ಲಿನಲ್ಲಿ, ಒಳಪೆಡ್ಲು ತುಳಿದು. ಒಬ್ಬನೇ ಕಲಿಯುವ ಹಾಗಿರಲಿಲ್ಲ. ಹಿಂದೆ ಸೀಟು ಹಿಡಿದು ಓಡಿಬರಲು ಇನ್ನೊಬ್ಬ ಬೇಕೇ ಬೇಕು. ಬಾಡಿಗೆ ಚಿಲ್ಲರೆಯನ್ನು ಇಬ್ಬರೂ ಸೇರಿ ಹೊಂದಿಸಿ, ಅರ್ಧ ಗಂಟೆ ಅವನು, ಅರ್ಧ ಗಂಟೆ ನಾನು. ಕೆಲಸಕ್ಕೆ ಸೇರಿದ ಮೇಲೂ ಹಾಗೇ ನಡೆಯಿತು. ನಮ್ಮ ಆಫೀಸಿನ ಅಂಗಳದಲ್ಲಿ ಯಾರು ಬಂದರು ಅನ್ನುವುದು ಸೈಕಲ್ ಸ್ಟ್ಯಾಂಡ್ ಎಳೆದು ಹಾಕುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ದಾರಿಯಲ್ಲಿ ಒಬ್ಬನ ಟಯರು ಸಿಡಿದರೆ ಅವನ ಬೀಟಿನ ಕಾಗದದ ಕಟ್ಟನ್ನು ಅಕ್ಕಪಕ್ಕದ ಬೀಟಿನ ಇಬ್ಬರು ಹಂಚಿಕೊಂಡು, ಮಧ್ಯಾಹ್ನದೊಳಗೆ ಮನೆ ಮನೆಗೆ ಮುಟ್ಟಿಸಿಬಿಡುತ್ತಿದ್ದರು. ಹಾಗೆ ಮಾಡಿ ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಿವೃತ್ತಿಯಾದ ಮಾರನೆಯ ವರ್ಷ, ಒಂದು ಬೆಳಿಗ್ಗೆ ಬನ್ನೂರು ರಸ್ತೆಯಲ್ಲಿ ನಾಲ್ಕು ಜನ ಚಿಕ್ಕವರು ಗೇರ್ ಸೈಕಲ್ಲುಗಳನ್ನು ಹುಲ್ಲಿನ ಮೇಲೆ ಮಲಗಿಸಿ ಕೂತಿದ್ದರು. ಮುಖ ಬಾಡಿತ್ತು. ಕೇಳಿದರೆ, ಇದ್ದ ಎರಡು ಹೊಸ ಟ್ಯೂಬನ್ನೂ ಹಾಕಿ ಆಯಿತು, ಎರಡೂ ಹತ್ತೇ ನಿಮಿಷಕ್ಕೆ ಇಳಿದುಹೋದವು ಅಂದರು. ನಾನು ಟಯರನ್ನು ಬಿಚ್ಚಿಸಿ, ಕಣ್ಣು ಮುಚ್ಚಿ ಅದರ ಒಳಮೈ ಮೇಲೆ ಬೆರಳಾಡಿಸುತ್ತಾ ಹೋದೆ. ಸುತ್ತಿನ ಮುಕ್ಕಾಲು ಭಾಗ ದಾಟಿದ ಮೇಲೆ ಸಿಕ್ಕಿತು, ಜಾಲಿ ಮುಳ್ಳಿನ ತುದಿ. ಅಕ್ಕಿಕಾಳಿನ ಅರ್ಧದಷ್ಟೂ ಇಲ್ಲ. ಹೊರಗಡೆ ಮುರಿದುಹೋಗಿ ಒಳಗೆ ಮಾತ್ರ ಚುಚ್ಚಿಕೊಂಡು ನಿಂತಿತ್ತು. ಟ್ಯೂಬ್ ಎಷ್ಟು ಬದಲಾಯಿಸಿದರೂ ಅದು ಇನ್ನೊಂದನ್ನು ಚುಚ್ಚುತ್ತದೆ. ಅದನ್ನು ಉಗುರಿನಲ್ಲಿ ಎಳೆದು ತೆಗೆದು, ಗದ್ದೆಯ ನೀರುಗಾಲುವೆಯಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಬರುವ ಕಡೆ ಗುರುತು ಮಾಡಿ, ಒರೆಸಿ, ಉಪ್ಪುಕಾಗದ ತಿಕ್ಕಿ ಸಲ್ಯೂಷನ್ ಹಚ್ಚಿದೆ. ಹುಡುಗನೊಬ್ಬ ತಕ್ಷಣ ಪ್ಯಾಚ್ ಅಂಟಿಸಲು ಹೋದ. ತಡೆದೆ. ಸಲ್ಯೂಷನ್ ಬೆರಳಿಗೆ ಅಂಟದಷ್ಟು ಒಣಗಬೇಕು, ಆಮೇಲೆ ಅಂಟಿಸಿದರೆ ಬಿಡುವುದಿಲ್ಲ. ಆ ಎರಡು ಮೂರು ನಿಮಿಷ ಐದೂ ಜನ ಟ್ಯೂಬನ್ನೇ ನೋಡುತ್ತಾ ಕೂತಿದ್ದೆವು.

ಅವತ್ತು ಅವರ ಜೊತೆ ಸೋಮನಾಥಪುರದ ತನಕ ಹೋದೆ. ಹದಿಮೂರನೇ ಶತಮಾನದ ಆ ಹೊಯ್ಸಳ ದೇವಸ್ಥಾನವನ್ನು ಅದಕ್ಕೆ ಮುಂಚೆ ನೋಡಿದ್ದು ಮಕ್ಕಳ ಜೊತೆ ಬಸ್ಸಿನಲ್ಲಿ, ಒಂದೇ ಸಲ. ಮೂವತ್ತೇಳು ವರ್ಷ ಸೈಕಲ್ ತುಳಿದರೂ ಯಾರ ಮನೆ ಬಾಗಿಲಿಗೂ ಅಲ್ಲದೆ, ಸುಮ್ಮನೆ, ತುಳಿಯುವುದಕ್ಕೋಸ್ಕರ ತುಳಿದದ್ದು ನನಗೆ ಅದೇ ಮೊದಲು. ಆಗ ಆದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ.

ಈಗ ಗುಂಪಿನಲ್ಲಿ ಹದಿನಾಲ್ಕು ಜನ ಇದ್ದೇವೆ. ಕಂಪ್ಯೂಟರ್ ಕೆಲಸದವರು, ಹೋಟೆಲಿನ ಅಡುಗೆಯವರೊಬ್ಬರು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವ ನರ್ಸ್ ಒಬ್ಬರು, ಕಾಲೇಜಿನ ಹುಡುಗಿಯರಿಬ್ಬರು. ನಮ್ಮಲ್ಲೊಬ್ಬರು ಹೆಸರಾದ ಸರ್ಜನ್ ಅನ್ನುವುದು ನನಗೆ ತಿಳಿದದ್ದು ಮೂರು ತಿಂಗಳು ಜೊತೆಗೆ ತುಳಿದ ಮೇಲೆ. ಅವರಾಗಿಯೇ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವರೆಲ್ಲರ ಸೈಕಲ್ ಗೇರಿನವು. ನನ್ನದು ಕೆಲಸದ ಕಾಲದ ಅದೇ ಕಪ್ಪು ಹರ್ಕ್ಯುಲಿಸ್. ನಮ್ಮ ಗುಂಪಿಗೆ ಇರುವುದು ಒಂದೇ ನಿಯಮ: ಕೊನೆಯವರು ಬರುವ ತನಕ ಯಾರೂ ಕಾಫಿ ಕುಡಿಯುವ ಹಾಗಿಲ್ಲ. ಮುಂದಿರುವವರು ಎಷ್ಟೇ ಬೇಗ ಹೋಟೆಲ್ ಮುಟ್ಟಲಿ, ಲೋಟ ಮುಟ್ಟುವುದು ಕೊನೆಯ ಸೈಕಲ್ ಸ್ಟ್ಯಾಂಡ್ ಹಾಕಿದ ಮೇಲೆ. ಕೊನೆಯಲ್ಲಿ ಬರುವವರಿಗೆ 'ಬಾಲ' ಅನ್ನುತ್ತೇವೆ. ಆ ಕೆಲಸ ಸಾಮಾನ್ಯವಾಗಿ ನನ್ನದು. ಯಾರಿಗೆ ಕಾಲು ಸೋತಿದೆ, ಯಾರ ಚಕ್ರ ವಾಲುತ್ತಿದೆ ಎಲ್ಲವೂ ಹಿಂದಿನಿಂದ ಚೆನ್ನಾಗಿ ಕಾಣುತ್ತದೆ.

ಈ ಜನ ಎಂಥವರು ಅನ್ನುವುದಕ್ಕೆ ಇನ್ನೊಂದು ವಿಷಯ ಹೇಳಲೇಬೇಕು. 2022ರ ಆಷಾಢದಲ್ಲಿ ನನ್ನನ್ನು ಒಂದು 200 ಕಿಲೋಮೀಟರಿನ ಬ್ರೆವೆಗೆ ಕರೆದುಕೊಂಡು ಹೋದರು. ಸರ್ಜನ್ ತಮ್ಮ ಇನ್ನೊಂದು ಗೇರ್ ಸೈಕಲ್ಲನ್ನು ತಿಂಗಳ ಮುಂಚೆಯೇ ನನಗೆ ಕೊಟ್ಟು ರೂಢಿ ಮಾಡಿಸಿದ್ದರು. ಬ್ರೆವೆ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿ, ಪಂದ್ಯ ಅಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು ಅಷ್ಟೇ. ಹಿಂದೆ ಕಾರು ಬರುವ ಹಾಗಿಲ್ಲ, ಕೆಟ್ಟರೆ ನಾವೇ ರಿಪೇರಿ ಮಾಡಿಕೊಳ್ಳಬೇಕು. ಆದರೆ ಜೊತೆಯಲ್ಲಿ ತುಳಿಯುವವರು ಒಬ್ಬರಿಗೊಬ್ಬರು ಸಹಾಯ ಮಾಡಬಹುದು. ನಡುನಡುವೆ ಕಂಟ್ರೋಲು ಅನ್ನುವ ತಪಾಸಣೆಯ ಜಾಗಗಳಲ್ಲಿ ಕಾರ್ಡಿಗೆ ಮೊಹರು ಹಾಕಿಸಬೇಕು. ಜೀವಮಾನವೆಲ್ಲ ಮೊಹರು ಬಿದ್ದ ಕಾರ್ಡುಗಳನ್ನು ಊರವರಿಗೆ ಹಂಚಿದ ನನಗೆ, ನನ್ನದೇ ಹೆಸರಿನ ಕಾರ್ಡಿಗೆ ಮೊಹರು ಬಿದ್ದಾಗ ಗಂಟಲು ಕಟ್ಟಿತು.

ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆಗೆ ಪಡುವಣಕ್ಕೆ ತಿರುಗಿದ ಮೇಲೆ ಆಷಾಢದ ಗಾಳಿ ನೇರ ಎದೆಗೆ. ಆಗ ನನಗೆ 62 ವರ್ಷ. ಬಯಲಿನಲ್ಲಿ ಪೆಡಲ್ ತುಳಿದರೂ ದಿಣ್ಣೆ ಹತ್ತಿದಷ್ಟು ಭಾರ. ಮೂರು ಜನ ಹುಡುಗರು, ಬೇಕಾದರೆ ಎರಡು ಗಂಟೆ ಮೊದಲೇ ಮೈಸೂರು ಮುಟ್ಟಬಲ್ಲವರು, ನನ್ನ ಮುಂದೆ ಬಂದು ಒಬ್ಬರ ಹಿಂದೆ ಒಬ್ಬರು ನಿಂತರು. 'ಸರ್, ನಮ್ಮ ಹಿಂದಿನ ಚಕ್ರ ಬಿಡಬೇಡಿ' ಅಂದರು. ಮುಂದಿನವರು ಗಾಳಿ ಸೀಳಿಕೊಂಡು ಹೋದರೆ ಅವರ ಹಿಂದೆ ಒಂದು ಗಾಲಿಯಷ್ಟು ದೂರದಲ್ಲಿ ಬರುವವರಿಗೆ ಶ್ರಮ ಕಾಲುಭಾಗದಷ್ಟು ಕಡಿಮೆಯಾಗುತ್ತದೆ. ಐದೈದು ನಿಮಿಷಕ್ಕೊಬ್ಬರು ಸರದಿ ಬದಲಾಯಿಸಿಕೊಂಡರು. ಗುಂಡಿ ಬಂದರೆ ಬೆನ್ನ ಹಿಂದೆ ಕೈಚಾಚಿ ತೋರಿಸುವರು, 'ಹಂಪ್' ಅಂತ ಕೂಗುವರು. ಬೇರೆ ಮಾತಿಲ್ಲ. ನಾನು ಮುಟ್ಟಿದ್ದು 13 ಗಂಟೆ 12 ನಿಮಿಷಕ್ಕೆ. ಅವರ ಕಾರ್ಡಿನಲ್ಲೂ ಅದೇ 13 ಗಂಟೆ 12 ನಿಮಿಷ.

ಇಂಥ ಜನ ಅವತ್ತು ಕಳಸ್ತವಾಡಿ ಹತ್ತಿರ ನಿಲ್ಲಲಿಲ್ಲ ಅನ್ನುವುದೇ ನನ್ನ ಸಂಕಟ.

2023ರ ಆಗಸ್ಟ್ 1ರಿಂದ ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು ಯಾವುದೂ ಹೋಗುವ ಹಾಗಿಲ್ಲ. ಎಲ್ಲರೂ ಸರ್ವಿಸ್ ರಸ್ತೆಗೆ ಬಂದಿದ್ದೇವೆ. ಶ್ರೀರಂಗಪಟ್ಟಣದ ಸಂಗಮದ ತನಕ ಹೋಗಿ ಬರುವ ನಾವು, ಹಾಲಿನ ಕ್ಯಾನಿನವರು, ಮೈಸೂರಿಗೆ ಕೆಲಸಕ್ಕೆ ಬರುವ ಕೂಲಿಯವರು, ಎಲ್ಲ ಒಂದೇ ದಾರಿಯಲ್ಲಿ. ಅವತ್ತು ನಾನು ಕಡೆಯಲ್ಲಿ ಬಂದಾಗ ಆ ಗಾರೆಯವರು ಸೈಕಲ್ಲನ್ನು ಬೇಲಿಗೆ ಒರಗಿಸಿ ಚೈನನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಹ್ಯಾಂಡಲಿಗೆ ಬುತ್ತಿಯ ಚೀಲ, ಕ್ಯಾರಿಯರಿನಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಕರಣೆ, ತೂಗುಗುಂಡು. ಊರು ಗಂಜಾಂ. ಎಂಟು ಗಂಟೆಗೆ ಕೆಲಸದ ಜಾಗದಲ್ಲಿ ಇಲ್ಲದಿದ್ದರೆ ಅರ್ಧ ದಿನದ ಕೂಲಿ ಹೋಗುತ್ತದೆ ಅಂದರು.

ನನ್ನ ಚೀಲದಲ್ಲಿ ಹಳೆಯ ಅಭ್ಯಾಸದಂತೆ ದಪ್ಪ ಚೈನಿನ ಲಾಕ್, ಅಂದರೆ ತುಂಡಾದ ಚೈನನ್ನು ಮತ್ತೆ ಜೋಡಿಸುವ ಕೊಂಡಿ, ಒಂದಿತ್ತು. ಕೆಟ್ಟ ಕೊಂಡಿಯ ಪಿನ್ ಹೊರದೂಡಲು ಮಾತ್ರ ಏನೂ ಇರಲಿಲ್ಲ. ಒಂದು ಮೊಳೆ, ರಸ್ತೆಬದಿಯ ಎರಡು ಕಲ್ಲು. ಅವರು ಚೈನ್ ಹಿಡಿದುಕೊಂಡರು, ನಾನು ಕುಟ್ಟಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಮುಂದೆ ಹೋದವರಲ್ಲಿ ಕಡೇಪಕ್ಷ ನಾಲ್ಕು ಜನರ ಚೀಲದಲ್ಲಿ ಪಿನ್ ಹೊರದೂಡುವ ಚೈನ್ ಟೂಲ್ ಇತ್ತು. ಅದಿದ್ದರೆ ಎರಡು ನಿಮಿಷದ ಕೆಲಸ. ಕುಟ್ಟುವಾಗ ಅವರು ಹೇಳಿದ ಒಂದು ಮಾತು ನನಗೆ ಚುಚ್ಚಿತು. ಕೋಪದಲ್ಲೇನೂ ಹೇಳಲಿಲ್ಲ. 'ಅವರೆಲ್ಲ ವ್ಯಾಯಾಮಕ್ಕೆ ಹೋಗೋರು ಸಾರ್, ನಾವು ಕೈ ತೋರಿಸಿದ್ರೆ ಚೆನ್ನಾಗಿರಲ್ಲ ಅಂತ ಸುಮ್ನಾದೆ.' ಚೈನ್ ಕೂತ ಮೇಲೆ ಪೆಡಲನ್ನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿ, ಎಣ್ಣೆಯಾದ ಕೈಯನ್ನು ಹುಲ್ಲಿಗೆ ಒರೆಸಿ, ಅದೇ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಹೊರಟೇಬಿಟ್ಟರು.

ಸಿದ್ಧಲಿಂಗಪುರದ ಹೋಟೆಲಿನಲ್ಲಿ ಹದಿಮೂರು ಜನವೂ ನನಗಾಗಿ ಕಾದಿದ್ದರು. ಯಾರ ಮುಂದೆಯೂ ಲೋಟ ಇರಲಿಲ್ಲ. ಇಬ್ಬರು ನನ್ನನ್ನು ಹುಡುಕಿಕೊಂಡು ವಾಪಸ್ ಹೊರಡುವುದರಲ್ಲಿದ್ದರು. ನಿಯಮವನ್ನು ಒಂದು ಚೂರೂ ಮುರಿದಿರಲಿಲ್ಲ. ನಾನು ನಡೆದದ್ದನ್ನು ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ, ಗುಂಡ್ಲುಪೇಟೆ ದಾರಿಯಲ್ಲಿ ನನಗೆ ಗಾಳಿ ತಡೆದವನೇ, ತಲೆ ತಗ್ಗಿಸಿ ಹೇಳಿದ: 'ನೋಡಿದೆ ಸರ್. ನಮ್ಮವರು ಯಾರೂ ಅಲ್ವಲ್ಲ ಅಂತ ಮುಂದೆ ಹೋದೆ.'

ಅವನು ನಿಜ ಹೇಳಿದ, ಅದಕ್ಕೆ ಅವನ ಮೇಲೆ ನನಗೆ ಗೌರವ ಇದೆ. ಆದರೆ ನಮ್ಮವರು ಅಂದರೆ ಯಾರು? ಹೆಲ್ಮೆಟ್ಟು ಹಾಕಿ ಗೇರ್ ಸೈಕಲ್ ತುಳಿಯುವವರು ಮಾತ್ರವೇ? ಹಾಗಿದ್ದರೆ ಮೂವತ್ತೇಳು ವರ್ಷ ನಾನೂ ನಿಮ್ಮವನಾಗಿರಲಿಲ್ಲ. ಸೈಕಲ್ ಪ್ರೀತಿ ಅನ್ನುವುದು ಭಾನುವಾರ ತುಳಿಯುವವರಿಗಷ್ಟೇ ಇರುವುದಲ್ಲ. ಆ ಗಾರೆಯವರ ಸೈಕಲ್ಲಿನ ರಿಮ್ಮು ನೋಡಬೇಕಿತ್ತು ನೀವು. ಮಣ್ಣು ರಸ್ತೆಯಲ್ಲಿ ದಿನಾ ಓಡಾಡುವ ಸೈಕಲ್, ಆದರೂ ಕಡ್ಡಿ ಕಡ್ಡಿಯನ್ನೂ ಒರೆಸಿ ಇಟ್ಟಿದ್ದರು. ಚಕ್ರದ ನಡುವಿನ ಹಬ್ಬಿಗೆ ಬಣ್ಣದ ಬ್ರಷ್ ರಿಂಗು ಬೇರೆ.

ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಹುಬ್ಬಳ್ಳಿ, ಮಂಗಳೂರಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೊರಡುವ ಎಲ್ಲ ಸೈಕಲ್ ಗುಂಪಿನವರಿಗೂ ನಿಮ್ಮ ಪತ್ರಿಕೆಯ ಮೂಲಕ ನನ್ನದೊಂದು ಕೋರಿಕೆ. ನಿಮ್ಮ ಸೀಟಿನ ಕೆಳಗಿನ ಚೀಲದಲ್ಲಿ ನಿಮ್ಮ ಸೈಕಲ್ಲಿಗೆ ಬೇಕಾದ್ದೆಲ್ಲ ಇರುತ್ತದೆ. ಅದರ ಜೊತೆಗೆ ನಿಮ್ಮ ಸೈಕಲ್ಲಿಗೆ ಬೇಡವಾದ ಎರಡು ವಸ್ತು ಇಟ್ಟುಕೊಳ್ಳಿ. ಒಂದು, ಸಾದಾ ಸೈಕಲ್ಲಿನ ದಪ್ಪ ಚೈನ್ ಲಾಕ್. ಗೇರ್ ಸೈಕಲ್ಲಿನ ಚೈನ್ ಸಪೂರ, ಅದರ ಕೊಂಡಿ ಇದಕ್ಕೆ ಕೂರುವುದಿಲ್ಲ. ಇನ್ನೊಂದು, ಒಂದು ಗೇಣು ವಾಲ್‌ಟ್ಯೂಬ್, ಹಳೇ ವಾಲ್ವಿನ ಮೇಲೆ ಏರಿಸುವ ಆ ಸಣ್ಣ ರಬ್ಬರು. ಅದು ಹರಿದರೆ ಪಂಕ್ಚರ್ ಇಲ್ಲದೆಯೂ ಗಾಳಿ ಇಳಿದುಹೋಗುತ್ತದೆ. ಬೆಳಕು ಹರಿಯುವ ಮೊದಲು ಪಂಕ್ಚರ್ ಅಂಗಡಿ ಎಲ್ಲೂ ತೆರೆದಿರುವುದಿಲ್ಲ. ಆ ಹೊತ್ತಿಗೆ ರಸ್ತೆಯಲ್ಲಿರುವುದು ನೀವು, ಹಾಲಿನವರು, ಪೇಪರ್ ಹಾಕುವ ಹುಡುಗರು. ಈ ಪತ್ರ ಅಚ್ಚಾದ ದಿನವೂ ಎಷ್ಟೋ ಮನೆಗಳಿಗೆ ಪತ್ರಿಕೆ ಸೈಕಲ್ ಮೇಲೆಯೇ ಬಂದಿರುತ್ತದೆ. ಹಳ್ಳಿ ರಸ್ತೆಗೆ ಹೋದರೆ ಶಾಲಾ ಮಕ್ಕಳು ಸಿಗುತ್ತಾರೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ಲುಗಳು, ಕೋವಿಡ್ ಕಾಲದಲ್ಲಿ ಅದು ನಿಂತ ಮೇಲೂ, ಅಕ್ಕನಿಂದ ತಂಗಿಗೆ ಬಂದು ಇನ್ನೂ ಓಡುತ್ತಿವೆ. ನಿಂತ ಸೈಕಲ್ ಕಂಡರೆ, ಅದು ಯಾವುದೇ ಆಗಿರಲಿ, ಬ್ರೇಕು ಹಿಡಿದು 'ಏನಾಯ್ತು?' ಅಂತ ಕೇಳಿ. ಬೇಡ ಅಂದರೆ ಹೊರಡಿ.

ಆ ಘಟನೆಯ ಮುಂದಿನ ಭಾನುವಾರ ನಮ್ಮ ಕಾಲೇಜಿನ ಹುಡುಗಿಯರಿಬ್ಬರು ಹಳೇ ಸೈಕಲ್ ಅಂಗಡಿ ಹುಡುಕಿ ಹದಿನಾಲ್ಕು ಚೈನ್ ಲಾಕು, ಏಳು ಮೊಳ ವಾಲ್‌ಟ್ಯೂಬ್ ತಂದು, ಕತ್ತರಿಸಿ ಎಲ್ಲರ ಚೀಲಕ್ಕೂ ಹಾಕಿದರು. ಅವತ್ತೇ ಕಳಸ್ತವಾಡಿ ಹತ್ತಿರ ಗಾರೆಯವರು ಮತ್ತೆ ಸಿಕ್ಕರು. 'ನಮ್ಮವರು ಅಲ್ವಲ್ಲ' ಅಂದಿದ್ದ ಆ ಹುಡುಗ ಅವರ ಪಕ್ಕಕ್ಕೆ ಹೋಗಿ, ಅವರ ವೇಗಕ್ಕೆ ತಕ್ಕ ಹಾಗೆ ತುಳಿಯುತ್ತಾ ಸಿದ್ಧಲಿಂಗಪುರದ ತನಕ ಮಾತಾಡಿಕೊಂಡು ಬಂದ. ಕಾಫಿಗೆ ಕರೆದರೆ ಅವರು ಇಳಿಯಲಿಲ್ಲ, ಎಂಟು ಗಂಟೆಯ ಚಿಂತೆ. ಯುಗಾದಿಗೆ ಎರಡು ಮೂರು ದಿನ ಕೆಲಸ ಇರುವುದಿಲ್ಲ, ಆಗ ಬರುತ್ತೇನೆ, ಆದರೆ ಎಲ್ಲರ ಕಾಫಿ ದುಡ್ಡೂ ನಾನೇ ಕೊಡುವುದು ಅಂತ ಹೇಳಿ ಹೋಗಿದ್ದಾರೆ.

ಇತಿ,
ನಿವೃತ್ತ ಪೋಸ್ಟ್‌ಮ್ಯಾನ್, ಮೈಸೂರು