ಫ್ರೀ ವಿಪಿಎನ್ ನಂಬ್ಕೊಂಡು ಕೂರಬೇಡಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಬೀದೀಲಿ ಮನೆಮನೆಗೂ ಫೈಬರ್ ಬಂದಿದೆ, ಹುಡುಗ್ರೆಲ್ಲ ಯಾವ್ದೋ ಫ್ರೀ ವಿಪಿಎನ್ ಆಪ್ (ನಮ್ಮ ಇಂಟರ್ನೆಟ್ ಓಡಾಟನ ಗುಟ್ಟಾಗಿ ಬೇರೆ ಕಂಪನಿ ಸರ್ವರ್ ಮೂಲಕ ಕಳಿಸೋ ಆಪ್) ಹಾಕ್ಕೊಂಡು ಇನ್ನು ನಮ್ಮನ್ನ ಯಾರೂ ನೋಡಲ್ಲ ಅಂತ ಧೈರ್ಯವಾಗಿದಾರೆ, ಅದು ತಪ್ಪು. ವಿಪಿಎನ್ ಹಾಕಿದ್ರೆ ಯಾವ ಸೈಟಿಗೆ ಹೋಗ್ತೀವಿ ಅನ್ನೋದು ಇಂಟರ್ನೆಟ್ ಕೊಡೋರಿಗೆ ಕಾಣಲ್ಲ ನಿಜ, ಆದ್ರೆ ವಿಪಿಎನ್ ಕಂಪನಿಗೆ ಕಾಣುತ್ತಲ್ಲ! ದುಡ್ಡೇ ತಗೊಳ್ದೆ ಸರ್ವರ್ ಖರ್ಚು ಅವ್ರು ಎಲ್ಲಿಂದ ತರ್ತಾರೆ? ಜೀಮೇಲ್‌ಗೆ ಲಾಗಿನ್ ಆಗಿದ್ರಂತೂ ಗೂಗಲ್‌ಗೆ ನೀವ್ಯಾರು ಅಂತ ಗೊತ್ತೇ ಇರುತ್ತೆ.

2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತೆ ಸಂಸ್ಥೆ ಸರ್ಟ್-ಇನ್ ಆದೇಶ ಬಂತು, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ (ಇಂಟರ್ನೆಟ್‌ನಲ್ಲಿ ಸಂಪರ್ಕ ಗುರುತಿಸೋ ನಂಬರ್) ಎಲ್ಲಾ 5 ವರ್ಷ ಇಟ್ಕೋಬೇಕು ಅಂತ, ಅದಕ್ಕೇ ನಾರ್ಡ್‌ವಿಪಿಎನ್, ಎಕ್ಸ್‌ಪ್ರೆಸ್‌ವಿಪಿಎನ್ ಅನ್ನೋ ಕಂಪನಿಗಳು ಭಾರತದಲ್ಲಿದ್ದ ಸರ್ವರ್ ತೆಗೆದ್ರು. ಕಂಪನಿಗಳು ತಮ್ಮ ನೌಕರರಿಗೆ ಕೊಡೋ ಆಫೀಸ್ ವಿಪಿಎನ್‌ಗೆ ಈ ನಿಯಮ ಇಲ್ಲ. ದಯವಿಟ್ಟು ಇದನ್ನೆಲ್ಲ ಪತ್ರಿಕೇಲಿ ಬಿಡಿಸಿ ಬರೀರಿ, ಮಕ್ಕಳ ಫೋನಲ್ಲೇ ಅಪ್ಪ ಅಮ್ಮನ ಬ್ಯಾಂಕ್ ಆಪೂ ಇರುತ್ತೆ.

– ಓದುಗ, ಮೈಸೂರು