ಕಾವಲುಗಾರನಿಗೆ ಮಾತು ಕಲಿಸಬೇಡ

ಪ್ರೀತಿಯ ತಂಗಿ,

ನಿನ್ನ ಅನುವಾದದ ಹಸ್ತಪ್ರತಿ ತಲುಪಿತು. ಪ್ರಕಾಶಕರು, ಕಾಗುಣಿತ, ನಿಘಂಟು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಯಾರು. ನಾನು ಬೈಬಲಿನ ಯೆಶಾಯ ಪುಸ್ತಕದ 21ನೆಯ ಅಧ್ಯಾಯದ 11, 12ನೆಯ ವಚನಗಳನ್ನು ದಾಟಿ ಮುಂದೆ ಹೋಗಲಾರದೆ ನಿಂತೆ.

ಹೀಬ್ರೂವಿನಲ್ಲಿ ಇರುವುದಿಷ್ಟು. ಎದೋಮ್ ಎಂಬ ನೆರೆನಾಡಿನ ಸೇಯೀರಿನಿಂದ ಯಾರೋ ಕಾವಲುಗಾರನನ್ನು ಕೂಗಿ ಕೇಳುತ್ತಾರೆ: ರಾತ್ರಿಯ ಸಂಗತಿ ಏನು? ಮತ್ತೆ ಅದೇ ಪ್ರಶ್ನೆ, ಆದರೆ ಈ ಸಲ ರಾತ್ರಿ ಎಂಬರ್ಥದ 'ಲೈಲಾ' ಮೊಟಕಾಗಿ 'ಲೇಲ್' ಆಗುತ್ತದೆ, ಕೂಗುವವನಿಗೆ ಉಸಿರು ಸಾಲದ ಹಾಗೆ. ಕಾವಲುಗಾರನ ಉತ್ತರ: ಬೆಳಗು ಬಂತು, ರಾತ್ರಿಯೂ. ಕೇಳುವುದಿದ್ದರೆ ಕೇಳಿ, ಮತ್ತೆ ಬನ್ನಿ. ಅಲ್ಲಿಗೆ ಮುಗಿಯಿತು.

ನೀನು ಬರೆದದ್ದು: 'ಬೇಗನೆ ಬೆಳಕು ಹರಿಯುವುದು, ದುಷ್ಟರಿಗೋ ರಾತ್ರಿ ಮರಳುವುದು.' ಆ 'ಬೇಗನೆ' ಎಲ್ಲಿಂದ ಬಂತು ಮಾರಾಯ್ತಿ? ದುಷ್ಟರು ಎಲ್ಲಿಂದ ಬಂದರೆಂದು ಗೊತ್ತು. 11ನೆಯ ಶತಮಾನದ ಫ್ರಾನ್ಸಿನಲ್ಲಿದ್ದ ಯೆಹೂದಿ ಪಂಡಿತ ರಾಶಿ, ಕಾವಲುಗಾರ ದೇವರೇ, ರಾತ್ರಿ ದುಷ್ಟರ ಪಾಲು ಎಂದ. ಆದರೆ ವ್ಯಾಖ್ಯಾನದಲ್ಲಿ ಹೇಳಿದ, ವಚನದೊಳಗೆ ತೂರಿಸಲಿಲ್ಲ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1917ರಲ್ಲಿ ಮ್ಯೂನಿಕ್‌ನ ಉಪನ್ಯಾಸದ ಕೊನೆಗೆ ಇದೇ ಮಾತುಗಳನ್ನು ತಂದು, ಕಾಯುತ್ತ ಕೂತರೆ ಸಾಲದು, ನಮ್ಮ ಕೆಲಸಕ್ಕೆ ಹೊರಡೋಣ ಎಂದ. ಅದು ಅವನ ಉಪನ್ಯಾಸ, ಅವನಿಷ್ಟ.

ಈ ವಚನಗಳ ತಲೆಬರಹದಲ್ಲಿರುವ 'ದೂಮಾ'ವನ್ನೂ ನೀನು 'ಎದೋಮ್' ಮಾಡಿ ಪಾರಾಗಿದ್ದೀಯ. ಗ್ರೀಕ್ ಅನುವಾದಕರು ನಿನಗಿಂತ ಮೊದಲೇ ಆ ದಾರಿ ಹಿಡಿದಿದ್ದರು, ಸೇಯೀರ್ ಎದೋಮಿನದಲ್ಲವೇ. ಆದರೆ ದೂಮಾ ಎಂದರೆ ಮೌನ. ಅರೇಬಿಯಾದ ಒಂದು ಊರಿನ ಹೆಸರೂ ಹೌದು. ಎರಡನ್ನೂ ಅಡಿಟಿಪ್ಪಣಿಗೆ ಹಾಕು, ಮೇಲೆ ದೂಮಾ ದೂಮಾ ಆಗಿಯೇ ಇರಲಿ. ಕೊನೆಯ ಸಾಲಿನ ಕ್ರಿಯಾಪದಗಳಿಗೆ ಹೀಬ್ರೂವಿನ ನೆರೆಭಾಷೆ ಅರಾಮಿಕ್‌ನ ಸೊಗಡಿದೆ, ಗಡಿಯಾಚೆಯವರೊಡನೆ ಆಡಿದಂತೆ. ಅದನ್ನು ಕನ್ನಡಕ್ಕೆ ತರುವುದು ಹೇಗೆಂದು ಮಾತ್ರ ನನ್ನನ್ನು ಕೇಳಬೇಡ.

'ಓದಿದವರೆಲ್ಲ ಸಲೀಸಾಗಿ ಅರ್ಥವಾಗುತ್ತದೆ ಎಂದರು' ಅಂತ ಬರೆದಿದ್ದೀಯ. ಹಿಂದೊಮ್ಮೆ ಒಬ್ಬ ಸಂಪಾದಕರು ನನ್ನ ಅನುವಾದದ ಒಂದು ಮಬ್ಬು ಸಾಲಿಗೆ, ಒಂದು ಮಾತೂ ಕೇಳದೆ, ಅರ್ಥ ತುಂಬಿ ಅಚ್ಚು ಹಾಕಿಸಿದರು. ಬಂದ ಮೆಚ್ಚುಗೆಯ ಪತ್ರಗಳೆಲ್ಲ ಆ ಸಾಲಿಗೇ! ಆ ಸಿಟ್ಟು ಇನ್ನೂ ಆರಿಲ್ಲ. ಇಂಥ ಹೊಗಳಿಕೆ ಬಂದಾಗ ಮೊದಲು ಮೂಲದ ಪಕ್ಕ ಇಟ್ಟು ನೋಡು.

ಇದನ್ನೆಲ್ಲ ಕೈಬಿಡುತ್ತೇನೆ ಎಂದಿದ್ದೀಯ. ಸುಮ್ಮನಿರು. ಪ್ರಶ್ನೆಯನ್ನು ನೀನು 'ಕಾವಲಣ್ಣಾ, ರಾತ್ರಿ ಎಲ್ಲಿಗೆ ಬಂತು?' ಎಂದು ಮಾಡಿದ್ದೀಯಲ್ಲ, ಅದು ನನಗೆ ಹೊಳೆಯುತ್ತಿರಲಿಲ್ಲ. ಅಂಥ ಕಿವಿಯಿದ್ದವಳು ಮುಂದಿನ ಸಾಲಿಗೇ ಹೆದರಿದ್ದೇಕೆ? ಎರಡೂ ವಚನ ಮತ್ತೆ ಮಾಡಿ ಕಳಿಸು. ಉಳಿದ ಹಾಳೆಗಳನ್ನು ಆಮೇಲೆ ಓದುತ್ತೇನೆ.