ಏಳನೇ ತರಗತಿಯ ದೆವ್ವದ ಕಥೆ ಕುರಿತು

ಮಾನ್ಯ ಪೋಷಕರೇ, ನಮಸ್ಕಾರ.

ಏಳನೇ ತರಗತಿಯಲ್ಲಿ ಓದಿಸುತ್ತಿರುವ ದೆವ್ವದ ಕಥೆಯ ಬಗ್ಗೆ ನಿಮ್ಮಲ್ಲಿ ಕೆಲವರು ಫೋನ್ ಮಾಡಿದ್ದೀರಿ. ಮಗಳು ರಾತ್ರಿ ಲೈಟ್ ಆರಿಸಲು ಬಿಡುತ್ತಿಲ್ಲ ಎಂದು ಒಬ್ಬ ತಾಯಿ ಹೇಳಿದಾಗ ನನಗೂ ಸಂಕಟವಾಯಿತು. ಮಕ್ಕಳನ್ನು ಹೆದರಿಸುವ ಆಸೆ ನಮಗ್ಯಾರಿಗೂ ಇಲ್ಲ. ಆದರೂ ಕಥೆಯನ್ನು ನಿಲ್ಲಿಸುತ್ತಿಲ್ಲ.

ಇದು ನಮ್ಮ ಇತಿಹಾಸ ಶಿಕ್ಷಕರು ತರಗತಿಗೆಂದೇ ಬರೆದದ್ದು. ಕಾಲ 1918, ಇನ್‌ಫ್ಲುಯೆಂಜಾ ಜಗತ್ತಿಗೆಲ್ಲ ಹಬ್ಬಿದ ವರ್ಷ. ಹಾಸ್ಟೆಲಿನ ಹುಡುಗರು ತೊದಲುವ ಒಬ್ಬನನ್ನು ದಿನವೂ ಗೋಳು ಹೊಯ್ದುಕೊಳ್ಳುತ್ತಾರೆ. ಒಂದು ರಾತ್ರಿ ಒಬ್ಬ ಅವನ ಹಾಸಿಗೆಗೆ ಬಿಂದಿಗೆ ನೀರು ಸುರಿಯುತ್ತಾನೆ. ವಾರದೊಳಗೆ ಹುಡುಗ ಜ್ವರದಿಂದ ತೀರಿಕೊಳ್ಳುತ್ತಾನೆ. ಆಮೇಲೆ ಸುರಿದವನಿಗೆ ಮಾತ್ರ ರಾತ್ರಿಯಿಡೀ ನೀರು ತೊಟ್ಟಿಕ್ಕುವ ಸದ್ದು. ದೆವ್ವ ಯಾರ ಮೈಮೇಲೂ ಬರುವುದಿಲ್ಲ, ಹಾಸಿಗೆಯ ಪಕ್ಕ ಸುಮ್ಮನೆ ನಿಂತಿರುತ್ತದೆ.

ಸಾವಿನ ಭಾಗವನ್ನಾದರೂ ತೆಗೆಯಿರಿ ಎಂದಿರಿ. ಆ ಕಾಯಿಲೆಗೆ ಕೋಟಿಗಟ್ಟಲೆ ಜನ ಬಲಿಯಾದರು. ಆಗ ಬಹುಪಾಲು ವೈದ್ಯರು ಅದು ಬ್ಯಾಕ್ಟೀರಿಯಾದಿಂದ ಬರುವುದೆಂದೇ ನಂಬಿದ್ದರು, ಮನುಷ್ಯರಲ್ಲಿ ಅದರ ವೈರಸ್ ಪತ್ತೆಯಾದದ್ದು 1933ರಲ್ಲಿ. ಅಲ್ಲಿಯವರೆಗೂ ನಮ್ಮ ಕಥೆಯಲ್ಲಿ ನೀರು ಸುರಿದವನು ತನ್ನ ಬಿಂದಿಗೆ ನೀರೇ ಆ ಹುಡುಗನನ್ನು ಕೊಂದಿತು ಎಂದುಕೊಂಡು ಬದುಕುತ್ತಾನೆ. "ನೀರಿನಿಂದ ಸತ್ತಿಲ್ಲ ಅಂತ ಗೊತ್ತಾದ್ಮೇಲೆ ದೆವ್ವ ಹೋಗ್ಬೇಕಲ್ವಾ ಮೇಡಂ?" ಎಂದು ಒಂದು ಮಗು ಕೇಳಿತು. ಇಡೀ ಪೀರಿಯಡ್ ಅದೇ ಮಾತಾಯಿತು. ಸಾವಿಗೆ ಅವನು ಕಾರಣನಲ್ಲ, ಒದ್ದೆ ಹಾಸಿಗೆಗೆ ಅವನೇ ಕಾರಣ ಎಂದು ಮಕ್ಕಳೇ ತೀರ್ಮಾನಿಸಿದರು. ಸಾವನ್ನು ತೆಗೆದುಹಾಕಿದ್ದರೆ ಈ ಮಾತು ಅವರ ಬಾಯಲ್ಲಿ ಬರುತ್ತಿತ್ತೇ?

ಮರುದಿನ ಒಬ್ಬ ಹುಡುಗ ನನ್ನ ಮೇಜಿನ ಮೇಲೆ ಬೇರೊಬ್ಬರ ಕಂಪಾಸ್ ಬಾಕ್ಸ್ ಇಟ್ಟ. ಮುಚ್ಚಳದ ಮೇಲಿನ ಹೆಸರನ್ನು ಉಗುರಿನಿಂದ ಕೆರೆದದ್ದು ಕಾಣುತ್ತಿತ್ತು. "ಕೊಟ್ಬಿಡಿ ಮೇಡಂ" ಎಂದವನು ಅಲ್ಲೇ ನಿಂತಿದ್ದ. ನೀನೇ ಕೊಡು ಎಂದೆ. ಕೊಟ್ಟ.

ಹಾಗಾದರೆ ಶಾಲೆಯಲ್ಲಿ ಇಂಥ ಕಾಟ ನಡೆಯುತ್ತಿದೆಯೇ ಎಂದು ಕೇಳುವಿರಿ. ನಡೆಯುತ್ತದೆ, ನಮ್ಮ ಕಣ್ಣು ತಪ್ಪಿಸಿ. ಶಿಕ್ಷೆ ಕೊಟ್ಟು ಹೊರಗೆಳೆಯಲಾಗದ್ದನ್ನು ಈ ಕಥೆ ಹೊರಗೆಳೆಯುತ್ತಿದೆ, ಆದ್ದರಿಂದಲೇ ಅದು ಮುಂದುವರಿಯುತ್ತದೆ. ನಿಜಕ್ಕೂ ಹೆದರುವ ಮಗು ಆ ಹೊತ್ತು ಗ್ರಂಥಾಲಯದಲ್ಲಿ ಕೂರಬಹುದು, ಯಾರೂ ಕಾರಣ ಕೇಳುವುದಿಲ್ಲ. ನಿದ್ದೆಗೆಟ್ಟ ಮಕ್ಕಳ ಜೊತೆ ನಾನೇ ಮಾತಾಡುತ್ತೇನೆ.

ಕೊನೆಯ ಅಧ್ಯಾಯವನ್ನು ಈ ಶುಕ್ರವಾರ ಮನೆಗೆ ಕಳಿಸುತ್ತೇವೆ, ದಯವಿಟ್ಟು ಮಗುವಿನ ಜೊತೆ ಕೂತು ಓದಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ